ತೊಲೆ ಕೂರಿಸಿದ ವಾರ

ಗೋಡೆಯನ್ನು ಮೊದಲು ಗೆಣ್ಣಿನಿಂದ ತಟ್ಟಿ ಕೇಳಬೇಕು.
ಟೊಳ್ಳು ಸದ್ದಿಗೆ ಮೋಸಹೋಗಬಾರದು,
ಟೊಳ್ಳಾದವೂ ಹೊರುತ್ತವೆ.
ನೆಲಮಾಳಿಗೆಗೆ ಇಳಿದು ನೋಡಿದೆ:
ನೇರ ಅದರಡಿಗೇ ಇಟ್ಟಿಗೆಯ ಕಂಬ, ಮೂರು.
ಏಣಿ ಹತ್ತಿ ಸೂರಿಗೆ ತೂತು ಕೊರೆದು ನೋಡಿದೆ:
ಎರಡೂ ಕಡೆಯ ಜಂತೆಗಳು ಬಂದು
ಇದರ ನೆತ್ತಿಯ ಮೇಲೇ ಒಂದನ್ನೊಂದು ಹಿಡಿದಿವೆ.

"ಇದು ಹೊರುವ ಗೋಡೆ" ಎಂದೆ ನತೆರ್ಸಿಯಾಗೆ.
"ಹೊತ್ತಿದ್ದು ಸಾಕು" ಎಂದಳು. "ತೆಗೆ."

ಫಾಲ್ ರಿವರ್‌ನ ಮೂರಂತಸ್ತಿನ ಮರದ ಮನೆ,
ಹತ್ತಿ ಗಿರಣಿಗಳ ಕಾಲದ್ದು.
ಗಿರಣಿ ಹೋದವು, ಮೆಟ್ಟಿಲಿನ ಸವೆತ ಉಳಿಯಿತು.
ಕೆಳಗೆ ನತೆರ್ಸಿಯಾ. ನಡುವೆ ಗಿಲೇನ್ ತಿಬೋ.
ತುದಿಯಲ್ಲಿ ಡ್ರಮ್ ಬಾರಿಸುವ ಹುಡುಗರು ಯಾರೋ.
ಇಪ್ಪತ್ತೆಂಟು ವರ್ಷ ನತೆರ್ಸಿಯಾ
ಈ ಗೋಡೆಗೆ ಮುಖಕೊಟ್ಟು ಸೊಪ್ಪಿನ ಸಾರು ಕುದಿಸಿದ್ದಾಳೆ.
ಆಚೆ ಊಟದ ಮೇಜಿನಲ್ಲಿ ನಗು.
ಯಾಕೆ ನಕ್ಕಿರೆಂದು ಕೈ ಒರೆಸಿಕೊಂಡು ಹೋಗುವಷ್ಟರಲ್ಲಿ
ನಗು ಮುಗಿದು ಎಲ್ಲರೂ ಉಪ್ಪು ಕೇಳುತ್ತಿದ್ದರು.

ಒಂದು ಗೋಡೆ ಕೆಡವಲು ಮೊದಲು ಎರಡು ಕಟ್ಟಬೇಕು,
ಆಚೆಗೊಂದು, ಈಚೆಗೊಂದು, ತಾತ್ಕಾಲಿಕ.
ಹೇಳಿದರೆ ಯಾರೂ ನಂಬುವುದಿಲ್ಲ.
ಬಿಲ್ಲು ಕೊಟ್ಟಾಗ ನಂಬುತ್ತಾರೆ.

ಆಮೇಲೆ ಧೂಳು.
ಗಾರೆಯೊಳಗೆ ಕುದುರೆಯ ಕೂದಲು, ಗಾರೆಯ ಹಿಂದೆ ಮರದ ಪಟ್ಟಿ,
ಪಟ್ಟಿಯ ಹಿಂದೆ, ಬುಡದಲ್ಲಿ, ತುಕ್ಕು ಹಿಡಿದ ಬ್ಲೇಡುಗಳ ರಾಶಿ.
ಮಹಡಿಯ ಬಚ್ಚಲಿನ ಸೀಳಿನಿಂದ
ಯಾವನೋ ಗಡ್ಡ ಹೆರೆದು ಹೆರೆದು ಹಾಕಿದ್ದು.
ಎಷ್ಟು ಬೆಳಗುಗಳು! ನನ್ನ ಹುಡುಗ ಎವಾಂದ್ರೋ
ಎಣಿಸತೊಡಗಿ, ಇನ್ನೂರರ ಹತ್ತಿರ ಸುಮ್ಮನಾದ.

ಸೂರು ನಡುವೆ ಮುಕ್ಕಾಲಿಂಚು ಜೋತಿತ್ತು.
ಜಾಕಿಗೆ ಸಂಜೆಗೊಂದು ಕಾಲು ಸುತ್ತು, ಅಷ್ಟೆ.
ಅವಸರಿಸಿದರೆ ಸೂರು ಏಳುವುದಿಲ್ಲ, ಸೀಳುತ್ತದೆ.
ಸೋಮವಾರ ಕಿರ್ರೆಂದಿತು. ಮಂಗಳವಾರ ಏನೂ ಅನ್ನಲಿಲ್ಲ.
ಬುಧವಾರ ರಾತ್ರಿ, ನಾನಿಲ್ಲದಾಗ, ಏನೋ ಅಂದಿತಂತೆ;
ನತೆರ್ಸಿಯಾ ಎದ್ದು ದೀಪ ಹಾಕಿ
ಕಂಬಗಳ ನಡುವೆ ಕುರ್ಚಿ ಹಾಕಿಕೊಂಡು ಬೆಳಗು ಮಾಡಿದಳು.

ಶುಕ್ರವಾರ ತೊಲೆ ಬಂತು. ಪದರ ಪದರ ಅಂಟಿಸಿದ್ದು, ಹದಿನಾಲ್ಕು ಅಡಿ.
ಆರು ಜನ ಬೇಕಿತ್ತು, ಐದು ಜನ ಬಂದಿದ್ದರು.
ಆರನೆಯವಳು ಬೇಕರಿಯಿಂದ ಹಿಟ್ಟಿನ ಕೈಯಲ್ಲೇ ಬಂದಳು,
ಅಜೋರ್ಸ್ ದ್ವೀಪದಲ್ಲಿ ಅವಳಜ್ಜಿ ನೀರು ಹೊರುತ್ತಿದ್ದಂತೆ
ಟವೆಲು ಸುತ್ತಿ ಸಿಂಬಿ ಮಾಡಿ ಹೆಗಲಿಗಿಟ್ಟು
"ಹೂಂ" ಎಂದಳು.
ನಾವು ಎತ್ತಿದೆವು.

ಜಾಕಿ ಸಡಿಲಿಸುವ ಗಳಿಗೆ ನಾನು ಉಸಿರಾಡುವುದಿಲ್ಲ.
ಮೂರು ಮನೆಯ ಭಾರ, ಮಂಚ, ಬೀರು, ಡ್ರಮ್ಮು,
ತೊಲೆಯ ಮೇಲೆ ಇಳಿದು ಕೂತವು.
ತೊಲೆ ಮಿಸುಕಲಿಲ್ಲ.
ಮೇಲೆಲ್ಲೋ ಟಿಕ್ ಎಂದು ಒಂದು ಸದ್ದು.

ಗಿಲೇನ್ ಚಪ್ಪಲಿ ಎಳೆಯುತ್ತ ಇಳಿದು ಬಂದಳು.
"ಬೆಲ್ಮೀರೊ, ನನ್ನ ಕೋಣೆಯ ಬಾಗಿಲು ಮುಚ್ಚಿಕೊಂಡಿತು.
ನಾನು ಬಾಡಿಗೆಗೆ ಬಂದಾಗಿನಿಂದ ಅದು ಮುಚ್ಚಿದ್ದೇ ಇಲ್ಲ."
ಒಳ್ಳೆಯದೇ ಆಯಿತಲ್ಲ ಎಂದೆ.
"ಆ ಸಂದಿಯಿಂದಲೇ ಇವಳ ರೇಡಿಯೋ ನನಗೆ ಕೇಳುತ್ತಿದ್ದದ್ದು.
ಮಾತು ತಿಳಿಯುತ್ತಿರಲಿಲ್ಲ. ಕೇಳುತ್ತಿತ್ತು."

ನತೆರ್ಸಿಯಾ ಟವೆಲಿನ ಸಿಂಬಿ ಬಿಚ್ಚುತ್ತ
ಅವಳನ್ನೇ ನೋಡಿದಳು, ಇಷ್ಟು ವರ್ಷದಲ್ಲಿ ಮೊದಲ ಸಲ
ಸದ್ದು ಕಡಿಮೆ ಮಾಡು ಎಂದಲ್ಲದೆ ಬೇರೆ ಮಾತು ಕೇಳಿದವಳಂತೆ.
ನೆಲದಲ್ಲಿ ಗೋಡೆಯಿದ್ದ ಕಡೆ ಬಣ್ಣ ಕಾಣದ ಹಲಗೆಯ ಪಟ್ಟೆ.
ಗಿಲೇನ್ ಅದನ್ನು ಹೊಸ್ತಿಲೆಂಬಂತೆ
ಕಾಲೆತ್ತಿ ದಾಟಿ, ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.
ಉಪ್ಪು ಕಡಿಮೆ ಎಂದಳು.

ಸೋಮವಾರ ಮತ್ತೆ ಹೋದೆ, ಉಳಿ ಸುತ್ತಿಗೆ ಹಿಡಿದು, ಮಹಡಿಗೆ.
ಹಳೆ ಗೋಡೆಯ ಪಟ್ಟಿಯ ತುಂಡೊಂದನ್ನು ಬೆಣೆ ಮಾಡಿ
ಚೌಕಟ್ಟಿಗೆ ಹೊಡೆದೆ. ಈಗ ಬಾಗಿಲು
ಅರೆಬೆರಳು ತೆರೆದೇ ಇರುತ್ತದೆ.
ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.
ಸರಿಹೋದದ್ದನ್ನು ಕೆಡಿಸಿದ್ದಕ್ಕೆ
ಬಿಲ್ಲಿನಲ್ಲಿ ಏನೆಂದು ಬರೆಯಲಿ?